ಮೂಲೆಯ ಚೂರು

ಮೊದಲು ಮೂಲೆ ನೋಡಿ, ಆಮೇಲೆ ನಡು ನೋಡಿ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಬಾಯಿಪಾಠ ಮಾಡಿಸಿದವಳು ಅವಳೇ. ಗಾಜಿನ ಪಟ್ಟಿಯ ನಡುವೆ ರೋಗಿಯ ಗಡ್ಡೆಯಿಂದ ಕೊಯ್ದ, ಉಸಿರು ತಾಕಿದರೆ ಮಡಚಿಕೊಳ್ಳುವಷ್ಟು ತೆಳುವಾದ ಚೂರು. ಮೂಲೆಯಲ್ಲಿ ರೋಗವಿಲ್ಲದವರ ಚೂರು. ಮೂಲೆಯದು ಕಂದು ಬಣ್ಣಕ್ಕೆ ತಿರುಗಿದ್ದರೆ ಬಣ್ಣ ಹಾಕಿದ ಕೆಲಸ ಸರಿಯಾಗಿದೆ, ನಡುವಿನದು ಹೇಳುವುದನ್ನು ನಂಬಬಹುದು. ಮೂಲೆ ಕಂದಾಗದಿದ್ದರೆ ಆ ಗಾಜಿಗೆ ಬೆಲೆಯಿಲ್ಲ, ಮತ್ತೆ ಮೊದಲಿನಿಂದ ಶುರು. ಇಷ್ಟೆಲ್ಲ ಗೊತ್ತಿದ್ದವಳು ಇವತ್ತು ಬೆಳಿಗ್ಗೆ, ಪ್ರಯೋಗಾಲಯಕ್ಕೆ ಇನ್ನೂ ಯಾರೂ ಬಾರದಿದ್ದಾಗ, ಗಾಜನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಮೂಲೆಯ ಗೊಡವೆಗೇ ಹೋಗದೆ ಸೀದಾ ನಡುವಿಗೆ ಇಳಿದಳು. ನಡು ನೀಲಿಯಾಗಿತ್ತು. ಗಡ್ಡೆಯ ಜೀವಕೋಶಗಳು ಒಂದರ ಮೇಲೊಂದು ಬಿದ್ದುಕೊಂಡು ಜಾಗವನ್ನೆಲ್ಲ ತುಂಬಿದ್ದವು. ಒಂದರಲ್ಲೂ ಕಂದಿನ ಸುಳಿವಿರಲಿಲ್ಲ. ಪಟ್ಟಿಯನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು, ಕೆಳಗೆ ತಂದಳು. ನೀಲಿ, ಬರೀ ನೀಲಿ. ನಡುನಡುವೆ ಗಡ್ಡೆಯ ಜೊತೆ ಜಗಳಕ್ಕೆ ಬಂದ ಸಣ್ಣ ರಕ್ಷಕ ಕೋಶಗಳು ಮಾತ್ರ ಗಟ್ಟಿ ಕಂದಾಗಿ ಕೂತಿದ್ದವು. ಅವು ಕಂದಾಗಿವೆ ಎಂದಮೇಲೆ ಮೂಲೆ ನೋಡುವ ಅಗತ್ಯವೇ ಇರಲಿಲ್ಲ. ಆದರೂ ಹೋಗಿ ನೋಡಿದಳು. ಮೂಲೆ ನಾಚಿಕೆಯಿಲ್ಲದೆ ಕಂದಾಗಿತ್ತು. ಕಣ್ಣು ಮೇಲೆತ್ತಿದಾಗ ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಇದನ್ನೊಮ್ಮೆ ರಿಪೇರಿ ಮಾಡಿಸಬೇಕು ಎಂದುಕೊಂಡಳು.

ನಡುವಿನ ಚೂರು ಅವಳ ಅಣ್ಣನ ದೊಡ್ಡ ಕರುಳಿನದು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದ್ದರೆ ಲ್ಯಾಬಿನ ಮುಖ್ಯಸ್ಥೆ ದೊಡ್ಡ ಡಾಕ್ಟರು, ಸ್ವಂತದವರ ಗಾಜು ಮುಟ್ಟಬೇಡ ಎಂದು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು. ಅಣ್ಣನನ್ನು ಇನ್ನೊಬ್ಬರ ಕೈಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಆದರೆ ಮೂಲೆಯ ಚೂರು ಯಾರದೆಂಬುದು ಎಲ್ಲರಿಗೂ ಗೊತ್ತು. ಅದು ಅವಳದೇ. ಎಷ್ಟೋ ವರ್ಷದ ಹಿಂದೆ ಹೊಟ್ಟೆನೋವೆಂದು ಒದ್ದಾಡಿದಾಗ ಇದೇ ಆಸ್ಪತ್ರೆಯಲ್ಲಿ ಅವಳ ಅಪೆಂಡಿಕ್ಸ್ ತೆಗೆದರು. ತೆಗೆದು ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ, ಚಿನ್ನದಂಥ ಅಪೆಂಡಿಕ್ಸು. ‘ಸುಮ್ ಸುಮ್ನೆ ಕುಯ್ಸಿಕೊಂಡ್ಯಲ್ಲಮ್ಮ, ಇರ್ಲಿ, ಲ್ಯಾಬಿಗಾದ್ರೂ ಉಪಯೋಗಕ್ಕೆ ಬರ್ಲಿ’ ಎಂದು ದೊಡ್ಡ ಡಾಕ್ಟರು ನಗುತ್ತಾ ಅವಳ ಒಪ್ಪಿಗೆ ಪಡೆದು ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿಟ್ಟರು. ಅಂದಿನಿಂದ ಯಾರ ಗಾಜೇ ಇರಲಿ, ಮೂಲೆಯಲ್ಲಿ ಅವಳು ಹಾಜರು. ಹೋಲಿಸಿ ನೋಡುವ ಆ ಚೂರಿಗೆ ಲ್ಯಾಬಿನವರು ಕಂಟ್ರೋಲ್ ಎನ್ನುತ್ತಾರೆ. ಅವಳು ಕಂಟ್ರೋಲಮ್ಮ ಆದಳು. ಹೊರಗೆ ಬೇಸರ ತೋರಿಸಿದರೂ ಒಳಗೊಳಗೇ ಆ ಹೆಸರಿನ ಬಗ್ಗೆ ಅವಳಿಗೆ ಜಂಬವಿತ್ತು. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುತ್ತಾ, ನಿಮ್ಮ ಪೈಕಿ ಯಾರ ರೋಗಕ್ಕೋ ನಾನು ಸಾಕ್ಷಿ ನಿಂತಿದ್ದೇನೆ, ನಿಮಗೆ ಗೊತ್ತಿಲ್ಲ ಅಷ್ಟೆ, ಎಂದುಕೊಂಡು ಹೋಗುತ್ತಿದ್ದಳು. ಕೊಯ್ದು ಕೊಯ್ದು ಈಗ ಆ ಅಚ್ಚಿನಲ್ಲಿ ಉಳಿದಿರುವುದು ಸ್ವಲ್ಪವೇ.

ಗಾಜಿನ ಮೇಲೆ ಹನಿಸುವ, ಪುಟ್ಟ ಸೀಸೆಯಲ್ಲಿರುವ ಪ್ರತಿಕಾಯದ್ದು ಹುಡುಕುವ ಕೆಲಸ. ಜೀವಕೋಶ ಎರಡಾಗುವಾಗ ತನ್ನೊಳಗಿನ ಉದ್ದನೆಯ ಬರಹವನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ, ಮಾಡುವಾಗ ಅಲ್ಲಲ್ಲಿ ತಪ್ಪುತ್ತದೆ. ಆ ತಪ್ಪನ್ನು ಹಿಡಿದು ತಿದ್ದಲೆಂದೇ ಕೆಲವು ಪ್ರೋಟೀನುಗಳಿವೆ. ತಿದ್ದುವ ಪ್ರೋಟೀನು ಇದ್ದಲ್ಲಿ ಪ್ರತಿಕಾಯ ಹೋಗಿ ಅಂಟಿಕೊಳ್ಳುತ್ತದೆ, ಕಂದು ಕಾಣುತ್ತದೆ, ಇಲ್ಲದಲ್ಲಿ ನೀಲಿ. ನಾಲ್ಕು ಪ್ರೋಟೀನಿಗೆ ನಾಲ್ಕು ಸೀಸೆ, ನಾಲ್ಕು ಗಾಜು. ಅಣ್ಣನ ಮೂರು ಗಾಜು ಸರಿಯಾಗಿ ಬಂದಿದ್ದವು. ಲ್ಯಾಬಿನವರು ಬಾಯಿಮಾತಿನಲ್ಲಿ ‘ಸಿಕ್ಸ್’ ಎನ್ನುವ ನಾಲ್ಕನೆಯದು ಮಾತ್ರ ಗಡ್ಡೆಯಲ್ಲಿ ಇರಲಿಲ್ಲ. ಅದೊಂದೇ ಹೋಗಿದ್ದರೆ ಬಹಳ ಸಲ ಅದು ಹುಟ್ಟಿನಿಂದ ಬಂದ ಕೊರತೆ. ಅಮ್ಮ ಹೋದದ್ದು ಗರ್ಭಕೋಶದ ಕ್ಯಾನ್ಸರಿನಿಂದ, ಅಣ್ಣನದು ಕರುಳು. ಅದೇ ಬೇರೆ, ಇದೇ ಬೇರೆ ಎಂದು ಮನೆಯವರೆಲ್ಲ ನಂಬಿದ್ದರು, ಅವಳು ನಂಬಿದ ಹಾಗೆ ನಟಿಸಿದ್ದಳು. ಈಗ ಈ ನೀಲಿ ಎರಡನ್ನೂ ಒಂದೇ ದಾರದಲ್ಲಿ ಪೋಣಿಸುತ್ತಿತ್ತು. ಅಮ್ಮನಿಂದ ಅಣ್ಣನಿಗೆ ಬಂದದ್ದು ತನಗೂ ಬಂದಿರಬಹುದು, ಅರ್ಧಕ್ಕರ್ಧ ಸಾಧ್ಯತೆ. ತನಗೆ ಬಂದಿದ್ದರೆ ಮಗಳು ಪುಟ್ಟಿಗೂ ಅದೇ ಅರ್ಧಕ್ಕರ್ಧ. ಆದರೆ ನನ್ನ ಮೂಲೆ ಕಂದಾಗಿದೆಯಲ್ಲ ಎಂದು ಒಂದು ಗಳಿಗೆ ಜೀವ ಹಾಯೆನಿಸಿತು. ಮರುಗಳಿಗೆಗೇ ನಾಲಿಗೆ ಕಚ್ಚಿಕೊಂಡಳು. ಎಲ್ಲರಲ್ಲೂ ಆ ಬರಹದ ಎರಡೆರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು, ಒಂದು ಕೆಟ್ಟಿದ್ದರೂ ಇನ್ನೊಂದು ದುಡಿಯುತ್ತಿರುವ ತನಕ ಕೋಶ ಕಂದಾಗಿಯೇ ಕಾಣುತ್ತದೆ ಎಂದು ಹೊಸಬರಿಗೆ ಹೇಳಿಕೊಟ್ಟವಳೂ ಅವಳೇ. ಅಣ್ಣನ ರಕ್ಷಕ ಕೋಶಗಳೂ ಕಂದಾಗಿಯೇ ಇವೆಯಲ್ಲ. ಕಂಡವರ ಪರವಾಗಿ ಇಷ್ಟು ಕಾಲ ಸಾಕ್ಷಿ ಹೇಳಿದ ಆ ಚೂರು ಅವಳ ಬಗ್ಗೆ ಮಾತ್ರ ತುಟಿಪಿಟಿಕ್ಕೆನ್ನುವಂತಿರಲಿಲ್ಲ.

ಅಮ್ಮ ಸೇಬು ಕತ್ತರಿಸುವಾಗ ಎಷ್ಟು ನಿಗಾ ಇಟ್ಟರೂ ಒಂದು ಪಾಲು ದೊಡ್ಡದಾಗುತ್ತಿತ್ತು, ಅದು ಅಣ್ಣನಿಗೇ ಹೋಗುತ್ತಿತ್ತು. ದೊಡ್ಡವನು ನಾನು, ದೊಡ್ಡದು ನನಗೆ, ಎಂದು ಅವನು ಅಮ್ಮನ ಕೈಯಿಂದಲೇ ಕಿತ್ತುಕೊಂಡು ಓಡುತ್ತಿದ್ದ. ಇವಳು ನೆಲಕ್ಕೆ ಬಿದ್ದು ರಂಪ ಮಾಡುತ್ತಿದ್ದಳು. ಈಗ ಅದೇ ಅಣ್ಣ ಮೂರನೇ ಮಹಡಿಯ ವಾರ್ಡಿನಲ್ಲಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು, ನಗಬೇಡ ಎಂದರೂ ನಗುತ್ತಾ, ಬಂದವರಿಗೆಲ್ಲ ಅವಳನ್ನು ಡಾಕ್ಟರೆಂದು ಪರಿಚಯ ಮಾಡಿಸುತ್ತಿದ್ದ. ಮೊನ್ನೆಯಂತೂ ಅವನಿಗೆ ಆಪರೇಷನ್ ಮಾಡಿದ ಸರ್ಜನ್ನರಿಗೇ ಹೇಳಿಬಿಟ್ಟ: ‘ನಮ್ ತಂಗಿ ಸರ್, ನಿಮ್ ಥರಾನೇ ಡಾಕ್ಟ್ರು.’ ಸರ್ಜನ್ನರು ಅವಳ ಕೊರಳಿನ ಗುರುತಿನ ಚೀಟಿಯನ್ನು, ಅದರ ಮೇಲಿನ ಟೆಕ್ನೀಷಿಯನ್ ಎಂಬ ಅಕ್ಷರಗಳನ್ನು ಓದಿಕೊಂಡು, ಓಹೋ ಹೌದಾ ಎಂದು ತುಟಿಯಲ್ಲೇ ನಕ್ಕು ಮುಂದಿನ ಹಾಸಿಗೆಗೆ ಹೋದರು. ಅವತ್ತು ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತ್ತು. ಅಣ್ಣನಿಗೆ ಅದೆಲ್ಲ ತಿಳಿಯದು. ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಗಾಜಿನಲ್ಲಿ ರೋಗ ನೋಡುವವಳು ಡಾಕ್ಟರಲ್ಲದೆ ಇನ್ನೇನು ಎಂಬುದು ಅವನ ವಾದ.

‘ಸಿಕ್ಸ್ ಹೇಗ್ ಬಂತಮ್ಮ?’ ದೊಡ್ಡ ಡಾಕ್ಟರು ಬಾಗಿಲಲ್ಲೇ ಕೇಳಿದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಚಹಾದ ಫ್ಲಾಸ್ಕು; ದಿನವೂ ಬರುವ ಹಾಗೆಯೇ ಬಂದಿದ್ದರು. ‘ಆ ಕರುಳಿನ ಕೇಸು ನಾಳೆ ಮೀಟಿಂಗಿಗೆ ಬೇಕು. ಯಾವ ಔಷಧಿ ಕೊಡ್ಬೇಕು ಅನ್ನೋದು ಅದ್ರ ಮೇಲೇ ನಿಂತಿದೆ.’

‘ಕಂಟ್ರೋಲ್ ಬಂದಿಲ್ಲ ಮೇಡಂ.’

ಮಾತು ಬಾಯಿಂದ ಹೊರಟಮೇಲೆ ಅವಳಿಗೂ ಕೇಳಿಸಿತು. ಯಾರೋ ಪಕ್ಕದ ಕೋಣೆಯಲ್ಲಿ ಹೇಳಿದಂತಿತ್ತು.

‘ನಿನ್ ಚೂರೇ ಬಂದಿಲ್ವಾ? ಇಷ್ಟ್ ವರ್ಷದಲ್ಲಿ ಇದೇ ಮೊದ್ಲು.’ ಡಾಕ್ಟರು ಗಾಜಿಗಾಗಿ ಕೈ ಚಾಚಿದರು. ಚಾಚಿದ ಕೈಯನ್ನು ಡಾಕ್ಟರು ತಾವೇ ಹಿಂದಕ್ಕೆ ತೆಗೆದುಕೊಂಡರು. ‘ನೀನ್ ನೋಡಿದ್ಮೇಲೆ ನಾನೇನ್ ನೋಡೋದು ಬಿಡು. ಮತ್ತೆ ಮಾಡು. ತೆಳು ಮಾಡಿಟ್ಟ ಪ್ರತಿಕಾಯದ ದ್ರಾವಣ ಫ್ರಿಜ್ಜಿನ ಹೊರಗುಳಿದು ಕೆಟ್ಟಿರ್ಬೇಕು. ಹೊಸ ಸೀಸೆ ಬರೋಕೆ ಇನ್ನೊಂದು ವಾರ. ಪಾಪ, ಕಾಯ್ಲಿ ಅವ್ರು, ಏನ್ ಮಾಡೋದು. ನಿನ್ನೆ ಫ್ರಿಜ್ಜಿಗೆ ಇಟ್ಟವ್ರು ಯಾರು?’

ಒಂದು ವಾರ ಎಂಬುದಷ್ಟೇ ಅವಳ ಕಿವಿಗೆ ಬಿತ್ತು. ಇನ್ನೊಂದು ವಾರ ಅಣ್ಣ ಬರೀ ಅಣ್ಣನಾಗಿರುತ್ತಾನೆ, ಪುಟ್ಟಿ ಬರೀ ಪುಟ್ಟಿ, ತಾನು ಕಂಟ್ರೋಲಮ್ಮ. ಆ ವಾರದಲ್ಲಿ ಅಣ್ಣನ ಔಷಧಿಯ ತೀರ್ಮಾನ ನಿಂತುಹೋಗುತ್ತದೆ ಎಂಬುದು ಗೊತ್ತಿದ್ದೂ ಅದನ್ನು ಮನಸ್ಸಿನ ಹಿತ್ತಲಿಗೆ ತಳ್ಳಿದಳು. ಯಾರು ಇಟ್ಟವರು ಎಂಬ ಪ್ರಶ್ನೆ ತಲುಪುವಷ್ಟರಲ್ಲಿ ಗೊಣಗಪ್ಪ ಆಗಲೇ ಎದುರು ನಿಂತಿದ್ದ.

ಗೊಣಗಪ್ಪ ಎಂದರೆ ಅವಳಿಗಿಂತ ಹಿರಿಯ ಟೆಕ್ನೀಷಿಯನ್, ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿ. ಫ್ಯಾನು ಜೋರಾದರೂ ಗೊಣಗು, ಮೆಲ್ಲಗಾದರೂ ಗೊಣಗು. ಚಹಾ ಬಿಸಿಯಾಗಿದ್ದರೆ ನಾಲಿಗೆ ಸುಟ್ಟಿತೆಂದು, ಆರಿದ್ದರೆ ಕುಡಿಯುವುದು ಹೇಗೆಂದು. ಅವನ ಗೊಣಗಾಟ ಕೇಳಿಸದಿದ್ದರೆ ಪ್ರಯೋಗಾಲಯದಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಆದರೆ ಈಚೆಗೆ ಅವನು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಕೆಳಗೆಲ್ಲ ಹುಡುಕುತ್ತಿದ್ದ. ಒಮ್ಮೆ ಸ್ಕೂಟರನ್ನು ಅಂಗಡಿಯ ಮುಂದೆ ಬಿಟ್ಟು ನಡೆದುಕೊಂಡೇ ಮನೆಗೆ ಹೋಗಿದ್ದ. ಹೋದ ತಿಂಗಳು ಮೆಟ್ಟಿಲ ಮೇಲೆ ಕೂತು, ಬೇರೆ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ: ‘ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು ಕಣಮ್ಮ. ಮೊದ್ಲು ಕನ್ನಡಕ, ಆಮೇಲೆ ನಾವು.’ ಹೇಳಿ, ಹೇಳಬಾರದಿತ್ತು ಎನ್ನುವ ಹಾಗೆ ಎದ್ದುಹೋಗಿದ್ದ. ಈಗ ಅವನು ಭುಜದ ಚೀಲವನ್ನೂ ಇಳಿಸದೆ ದೊಡ್ಡ ಡಾಕ್ಟರ ಮುಖ ನೋಡುತ್ತಿದ್ದ.

‘ನಾನೇ ಮೇಡಂ. ಇಟ್ಟೆ ಅಂತ್ಲೇ ನೆನಪು...’ ಅವನ ಕಣ್ಣು ಫ್ರಿಜ್ಜಿನ ಕಡೆ ಹೋಗಿ, ಅಲ್ಲಿಂದ ಮೇಜಿಗೆ ಬಂದು, ನಿನ್ನೆ ಸಂಜೆಯ ತನ್ನ ಕೈಯನ್ನು ಹುಡುಕುತ್ತಿತ್ತು. ‘ಇಲ್ಲ. ಬಿಟ್ಟಿದ್ರೂ ಬಿಟ್ಟಿರ್ಬಹುದು. ನನ್ನದೇ ತಪ್ಪು.’

ಗೊಣಗಲಿಲ್ಲ. ಅದೇ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಈಗ ಹೇಳು, ಈಗಲೇ ಹೇಳಿಬಿಡು ಎಂದು ಒಳಗಿನಿಂದ ಯಾರೋ ದಬ್ಬುತ್ತಿದ್ದರು, ಅವಳು ಮೈಕ್ರೋಸ್ಕೋಪಿನ ದೀಪ ಆರಿಸಿದಳು. ‘ವಯಸ್ಸಾಯ್ತು ನಿಮ್ಗೆ. ಆ ದ್ರಾವಣ ಚೆಲ್ಬಿಡಿ, ಇನ್ಮೇಲೆ ಜೋಪಾನ’ ಎಂದು ಡಾಕ್ಟರು ಮೆತ್ತಗೇ ಹೇಳಿ ಒಳಗೆ ಹೋದರು. ಬೈದಿದ್ದರೂ ವಾಸಿಯಿತ್ತು. ಅವಳು ಗಾಜನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಮಧ್ಯಾಹ್ನದವರೆಗೆ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಮೇಣದ ಅಚ್ಚುಗಳನ್ನು ಯಂತ್ರಕ್ಕೆ ಕೊಟ್ಟು ಕೊಯ್ಯುವುದು, ರಿಬ್ಬನ್ನಿನಂತೆ ಬರುವ ಚೂರುಗಳನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಡುವುದು, ಸುಕ್ಕು ಬಿಡಿಸಿ ಗಾಜಿನ ಮೇಲೆ ಎತ್ತಿಕೊಳ್ಳುವುದು. ಯಾರದೋ ಸ್ತನ, ಯಾರದೋ ಥೈರಾಯ್ಡು. ಇಷ್ಟು ದಿನ ಅವು ಯಾರವೂ ಆಗಿರಲಿಲ್ಲ. ಇವತ್ತು ಒಂದೊಂದಕ್ಕೂ ಒಬ್ಬ ತಂಗಿ ಇರಬಹುದು, ಎಲ್ಲೋ ಅನ್ನಕ್ಕೆ ಅಕ್ಕಿ ತೊಳೆಯುತ್ತಲೋ ಬಾಗಿಲಿಗೆ ಚಿಲಕ ಹಾಕುತ್ತಲೋ ಇರಬಹುದು ಎಂದು ತೋರಿತು, ಎತ್ತಿಕೊಳ್ಳುವಾಗ ಒಂದು ಚೂರು ಮಡಚಿಕೊಂಡಿತು. ಮೇಜಿನ ಆ ತುದಿಯಲ್ಲಿ ಗೊಣಗಪ್ಪ ಪ್ರತಿಯೊಂದು ಸೀಸೆಯನ್ನೂ ಫ್ರಿಜ್ಜಿಗೆ ಇಟ್ಟು, ಬಾಗಿಲು ಹಾಕಿ, ಮತ್ತೆ ತೆಗೆದು ನೋಡಿ, ಮತ್ತೆ ಹಾಕುತ್ತಿದ್ದ. ಅವಳು ಅತ್ತ ನೋಡದಿರಲು ಬೆನ್ನು ತಿರುಗಿಸಿದಳು. ಬೆನ್ನಿಗೂ ಫ್ರಿಜ್ಜಿನ ಬಾಗಿಲು ಕೇಳಿಸುತ್ತಿತ್ತು.

ಕ್ಯಾಂಟೀನಿನಲ್ಲಿ ಕೂತಾಗ ಪುಟ್ಟಿಯ ಫೋನು ಬಂತು. ಅವಳು ಏನನ್ನೋ ಜಗಿಯುತ್ತಾ ಮಾತಾಡುತ್ತಿದ್ದಳು. ಬಾಯಲ್ಲಿ ತಿಂಡಿ ಇಟ್ಟುಕೊಂಡು ಫೋನ್ ಮಾಡಬೇಡ ಎಂದು ಹೇಳಿ ಹೇಳಿ ಇವಳಿಗೆ ಸಾಕಾಗಿತ್ತು.

‘ಮಾವಂದು ರಿಪೋರ್ಟ್ ಬಂತಾ ಅಮ್ಮ?’

‘ಇಲ್ಲ. ಸರಿಯಾಗಿ ಬಂದಿಲ್ಲ. ಮತ್ತೆ ಮಾಡ್ಬೇಕು.’

‘ನೀನ್ ಮಾಡಿದ್ದೇ ಸರಿಯಾಗ್ ಬಂದಿಲ್ವಾ? ಅಯ್ಯೋ ಕಂಟ್ರೋಲಮ್ಮ!’ ಪುಟ್ಟಿ ನಕ್ಕಳು. ‘ಯಾಕೆ ದನಿ ಹಾಗಿದೆ? ಹುಷಾರಿಲ್ವಾ?’

‘ನೆಗಡಿ.’ ಎರಡನೇ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು, ಮೂರನೆಯದು ಅದಕ್ಕಿಂತ. ಪುಟ್ಟಿ ಹುಟ್ಟಿದಾಗ ನೋಡಲು ಬಂದವರೆಲ್ಲ ಪಾಲು ಮಾಡಿಕೊಂಡಿದ್ದರು: ಮೂಗು ತಾಯಿಯದು, ಕಿವಿ ಸೋದರಮಾವನದು, ನಗು ಮಾತ್ರ ಥೇಟ್ ಅಜ್ಜಿಯದೇ. ಅಜ್ಜಿಯದು ಎಂದವರಿಗೆ ಅವಳು ಆಗ ಖುಷಿಯಿಂದ ಕಾಫಿ ಕೊಟ್ಟು ಕಳಿಸಿದ್ದಳು. ಈಗ ಆ ನಗು ಫೋನಿನಲ್ಲಿ ಕೇಳುತ್ತಿದ್ದರೆ, ಅಜ್ಜಿಯದು ಇನ್ನೇನೂ ಬೇಡ, ಅಷ್ಟೇ ಸಾಕು, ಅಷ್ಟೇ ಸಾಕು ಎಂದು ಅವಳ ಮನಸ್ಸು ಒಂದೇ ಸಮನೆ ಬೇಡಿಕೊಂಡಿತು. ತಟ್ಟೆಯಲ್ಲಿದ್ದುದು ತಣ್ಣಗಾಗಿತ್ತು.

ಸಂಜೆಗೆ ಇನ್ನೂ ಹೊತ್ತಿದ್ದಾಗ ಗೊಣಗಪ್ಪ ಅವಳ ಮೇಜಿನ ಹತ್ತಿರ ಬಂದು ನಿಂತ. ಕೈಯಲ್ಲೊಂದು ಗಾಜಿತ್ತು. ಮುಖ ಅಗಲವಾಗಿ, ಬೇರೆ ಯಾರದೋ ಮುಖದಂತೆ ಅರಳಿತ್ತು.

‘ನಾನ್ ಮರ್ತಿಲ್ಲ ಕಣಮ್ಮ!’

‘ಏನು?’

‘ಅದೇ ದ್ರಾವಣ. ಚೆಲ್ಬಿಡಿ ಅಂದ್ರಲ್ಲ ಮೇಡಂ? ಕೈ ಬರ್ಲಿಲ್ಲ. ನಿನ್ ಅಪೆಂಡಿಕ್ಸಿನ ಚೂರೊಂದು ತಗೊಂಡು, ಯಾರಿಗೂ ಹೇಳ್ದೆ, ಅದಕ್ಕೆ ಹಾಕಿ ನೋಡ್ದೆ. ನೋಡು ಹೇಗ್ ಬಂದಿದೆ, ಗಟ್ಟಿ ಕಂದು! ಹೊರಗುಳಿದಿದ್ರೆ ಹೀಗ್ ಬರ್ತಿತ್ತಾ? ನಾನು ಫ್ರಿಜ್ಜಿಗೆ ಇಟ್ಟಿದ್ದೆ. ಇಟ್ಟಿದ್ದು ನಿಜ, ನೆನಪಿದ್ದದ್ದೂ ನಿಜ.’ ಅವನು ಕನ್ನಡಕ ತೆಗೆದು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಇಷ್ಟು ಖುಷಿಯಾಗಿ ಅವನು ಯಾವತ್ತೂ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅವನ ಖುಷಿ ನೋಡಲಾಗದೆ ಅವನ ಕೈಯ ಗಾಜನ್ನೇ ನೋಡಿದಳು. ಅದರಲ್ಲಿ ಅಣ್ಣ ಇರಲಿಲ್ಲ, ಅವಳೊಬ್ಬಳೇ ಇದ್ದಳು.

ಆಮೇಲೆ ನಿಧಾನವಾಗಿ, ಜೀವಮಾನವೆಲ್ಲ ಗಾಜು ನೋಡಿದವನ ಅಭ್ಯಾಸ ತಾನಾಗಿ ಎದ್ದುಬಂತು. ‘ಹಾಗಾದ್ರೆ,’ ಎಂದ, ‘ಬೆಳಿಗ್ಗೆ ನಿಂದು ಯಾಕ್ ಬರ್ಲಿಲ್ಲ?’

ಅವಳು ಜೇಬಿನಿಂದ ಕಾಗದ ಬಿಡಿಸಿ ಗಾಜನ್ನು ಅವನ ಮುಂದಿಟ್ಟಳು. ಅವನು ಕೂತು, ಮೊದಲು ಮೂಲೆ ನೋಡಿದ, ಆಮೇಲೆ ನಡು ನೋಡಿದ. ಬಹಳ ಹೊತ್ತು ನೋಡಿದ. ಗುಂಡಿ ತಿರುಗಿಸುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು.

‘ಬಂದಿದೆಯಲ್ಲ,’ ಎಂದ. ಕಣ್ಣು ಎತ್ತದೆಯೇ, ‘ನಡುವಿಂದು ಯಾರ್ದು?’

‘ನಮ್ಮಣ್ಣಂದು.’

ಅವನು ಬೈಯಲಿ ಎಂದು ಅವಳು ಕಾದಳು. ಅವನ ಅರಳಿದ ಮುಖ ಒಂದೇ ಸಲ ಬಾಡಲಿಲ್ಲ, ಅಂಚಿನಿಂದ ಒಳಗೊಳಗೆ ಬಾಡುತ್ತಾ ಹೋಯಿತು. ‘ಬೆಳಿಗ್ಗೆಯಿಂದ ನಾನು, ಮನೆಗೆ ಹೋಗಿ ಹೆಂಡ್ತಿಗೆ ಏನ್ ಹೇಳ್ಲಿ, ಹೇಗ್ ಹೇಳ್ಲಿ ಅಂತ ಮಾತು ಜೋಡಿಸ್ತಾ ಇದ್ದೆ,’ ಎಂದ.

‘ಗೊತ್ತು.’

‘ಗೊತ್ತಿದ್ದೂ ಮಾಡ್ದೆಯಲ್ಲ.’

‘ಹೌದು,’ ಎಂದಳು. ತಪ್ಪಾಯಿತು ಎನ್ನುವ ಮಾತು ಆ ಕ್ಷಣಕ್ಕೆ ಅಗ್ಗವಾಗಿ ಕಂಡಿತು. ಅವನೂ ಸಮಾಧಾನ ಹೇಳಲಿಲ್ಲ, ಇರಲಿ ಬಿಡು ಎನ್ನಲಿಲ್ಲ. ಗಾಜನ್ನು ಕೆಳಗಿಳಿಸಿ, ಅದರ ಬೆನ್ನನ್ನು ಬಟ್ಟೆಯಿಂದ ಒರೆಸಿ, ಅವಳ ಕೈಗೆ ಕೊಟ್ಟ. ಅಪ್ಪನಿಂದ ಏನೇನು ಇಳಿದುಬರಬಹುದೆಂದು ದಿನವೂ ತಲೆ ತಡವಿಕೊಳ್ಳುವವನಿಗೆ ಆ ನೀಲಿ ಬೇರೆಯವರು ವಿವರಿಸಬೇಕಾದ್ದಾಗಿರಲಿಲ್ಲ. ‘ಮೇಡಂ ಇನ್ನೂ ಹೋಗಿಲ್ಲ. ನೀನೇ ಹೋಗ್ತೀಯೋ, ನಾನೂ ಬರ್ಲೋ?’ ಎಂದು ಕೇಳಿದ. ಅವಳು ತಲೆಯಾಡಿಸಿ ಒಬ್ಬಳೇ ಎದ್ದಳು. ಹಿಂದಿನಿಂದ ಅವನು ಕುರ್ಚಿಯ ಕಾಲು ಅಲ್ಲಾಡುತ್ತದೆಂದು ಗೊಣಗಿದ್ದು ಕೇಳಿಸಿತು.

ದೊಡ್ಡ ಡಾಕ್ಟರು ಗಾಜು ನೋಡಿದರು, ಅವಳ ಮಾತು ಪೂರ್ತಿ ಕೇಳಿದರು, ಫ್ಲಾಸ್ಕಿನ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದರು. ‘ನಾಳೆ ಮೀಟಿಂಗಿಗೆ ಇದನ್ನ ಬರೀತೀನಿ. ಇಂಥ ಗಡ್ಡೆಗೆ ಚೆನ್ನಾಗಿ ಹಿಡಿಯೋ ಔಷಧಿ ಇದೆ, ನಿಮ್ಮಣ್ಣನಿಗೆ ಇದು ಒಳ್ಳೇದೇ ಆಗ್ಬಹುದು. ನೀನು ಅದನ್ನೇ ಮುಚ್ಚಿಟ್ಟಿದ್ದೆ.’ ಅವಳು ನೆಲ ನೋಡಿದಳು. ‘ನಿಂಗೂ ಪರೀಕ್ಷೆ ಆಗ್ಬೇಕು. ಆದ್ರೆ ಮೊದ್ಲು ನಿಮ್ಮಣ್ಣನ ರಕ್ತ. ಅದರಲ್ಲಿ ದೋಷ ಎಲ್ಲಿದೆ ಅಂತ ಸಿಕ್ಕಿದ್ರೇನೇ ನಿನ್ ರಕ್ತದಲ್ಲಿ ಎಲ್ಲಿ ಹುಡುಕ್ಬೇಕು ಅನ್ನೋದು ಗೊತ್ತಾಗೋದು. ಅವ್ರು ಮನಸಾರೆ ಒಪ್ಬೇಕು. ನಾನ್ ಕೇಳ್ಲಾ?’

‘ನಾನೇ ಕೇಳ್ತೀನಿ ಮೇಡಂ.’

‘ಕೇಳು. ಮತ್ತೆ, ಫ್ರಿಜ್ಜಿಗೆ ಇಟ್ಟವ್ರ ಹತ್ರ ನಾನು ಕ್ಷಮೆ ಕೇಳ್ಬೇಕು, ವಯಸ್ಸಾಯ್ತು ಅಂದ್ಬಿಟ್ಟೆ.’ ಅವಳು ಬಾಗಿಲು ದಾಟುವಾಗ ಡಾಕ್ಟರು ಕಾಗದದಿಂದ ತಲೆ ಎತ್ತದೆ ಸೇರಿಸಿದರು: ‘ಇನ್ಮೇಲೆ ನೀನ್ ನೋಡಿದ್ದನ್ನೂ ನಾನೊಂದ್ಸಲ ನೋಡ್ತೀನಿ.’ ಮಹಡಿಯ ಮೆಟ್ಟಿಲು ಹತ್ತುವ ಉದ್ದಕ್ಕೂ ಆ ಮಾತು ಕಾಲಿಗೆ ತೊಡರಿಕೊಂಡೇ ಬಂತು.

ವಾರ್ಡಿನಲ್ಲಿ ಇಳಿಬಿಸಿಲು ಹಾಸಿಗೆಗಳ ಕಾಲ ಹತ್ತಿರ ಬಿದ್ದಿತ್ತು. ಅಣ್ಣ ದಿಂಬಿಗೆ ಒರಗಿ ಪಕ್ಕದ ಹಾಸಿಗೆಯವರ ಜೊತೆ ಹರಟುತ್ತಿದ್ದ. ಅವಳನ್ನು ಕಂಡದ್ದೇ, ‘ಬಂದ್ಳು ನೋಡಿ, ನಮ್ ತಂಗಿ, ಡಾಕ್ಟ್ರು’ ಎಂದ.

‘ಡಾಕ್ಟ್ರಲ್ಲ,’ ಎಂದಳು ಅವಳು ಪಕ್ಕದವರಿಗೆ. ‘ಗಾಜಿಗೆ ಬಣ್ಣ ಹಾಕ್ತೀನಿ.’

‘ಅದೇ ಕಣೇ, ಇನ್ನೇನು,’ ಎಂದು ಅಣ್ಣ ನಕ್ಕು, ಹೊಲಿಗೆ ಎಳೆದಂತಾಗಿ, ಹೊಟ್ಟೆ ಹಿಡಿದುಕೊಂಡ. ಅವಳು ಪರದೆ ಎಳೆದು ಹಾಸಿಗೆಯ ಅಂಚಿನಲ್ಲಿ ಕೂತಳು.

‘ಅಣ್ಣ, ನಿನ್ ರಕ್ತ ಬೇಕು.’

‘ಇನ್ನೂ ಉಳಿದಿದೆಯೇನೇ? ಹೀರಿ ಹಿಂಡಿ ಹಾಕಿದೀರಲ್ಲ ಎಲ್ಲಾ ಸೇರ್ಕೊಂಡು.’

‘ಇದು ನಿನಗಲ್ಲ. ನನಗ್ ಬೇಕು. ಪುಟ್ಟಿಗ್ ಬೇಕು.’ ಅವಳು ಹೇಳಿದಳು. ಅಮ್ಮನದೂ ಅವನದೂ ಬೇರೆ ಬೇರೆ ಕಾಯಿಲೆಯಲ್ಲ ಎಂಬುದನ್ನು, ಅವನ ಗಾಜು ಬೆಳಿಗ್ಗೆಯೇ ಬಂದಿತ್ತು, ತಾನು ಬಂದಿಲ್ಲವೆಂದು ಹೇಳಿದೆ ಎಂಬುದನ್ನು, ಅಮ್ಮನದು ತನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂಬುದನ್ನು. ಹೇಳುತ್ತಾ ಹೋದಂತೆ ಅಣ್ಣನ ಮುಖ ಬದಲಾಯಿತು. ಆಪರೇಷನ್ನಿನ ದಿನ ಸ್ಟ್ರೆಚರಿನ ಮೇಲೂ ಚೇಷ್ಟೆ ಮಾಡಿದವನು ಈಗ ಹೆದರಿದ್ದ. ಅವನು ಹೆದರಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

‘ಅರ್ಧ ನಿಂಗಾ?’ ಎಂದ.

‘ಹಾಗಲ್ಲ ಅಣ್ಣ. ಬಂದಿದ್ರೆ ಪೂರ್ತಿ, ಇಲ್ದಿದ್ರೆ ಇಲ್ಲವೇ ಇಲ್ಲ.’

ಪರದೆಯ ಆಚೆ ಯಾರೋ ಚಮಚ ಬೀಳಿಸಿದರು. ‘ದೊಡ್ಡದು ಯಾವಾಗ್ಲೂ ನನಗೇ ಅಲ್ವೇನೇ,’ ಎಂದ ಕೊನೆಗೆ, ಜಗಳಕ್ಕೆ ನಿಂತವನ ಹಾಗೆ ದನಿ ಏರಿಸಿ. ‘ಸೇಬು ಬಂದ್ರೂ ಕಿತ್ಕೊಳ್ತಿದ್ದೆ. ಇದನ್ನೂ ನಾನೇ ಪೂರ್ತಿ ಕಿತ್ಕೊಂಡಿರ್ತೀನಿ, ನೋಡ್ತಾ ಇರು. ನಿಂಗೆ ಒಂದ್ ಚೂರೂ ಬಿಟ್ಟಿರಲ್ಲ.’

ಇದು ಹಾಗೆ ಪಾಲಾಗುವುದಿಲ್ಲ, ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ತಪ್ಪುವುದಿಲ್ಲ, ಒಬ್ಬೊಬ್ಬರದೂ ಹೊಸ ಲೆಕ್ಕವೇ. ಅದನ್ನು ಹೇಳಲು ಬಾಯಿ ತೆರೆದಳು. ಅವನು ಆಗಲೇ ಅಂಗಿಯ ತೋಳು ಮಡಚಿ ಕೈಯನ್ನು ಅವಳ ತೊಡೆಯ ಮೇಲೆ ಇಟ್ಟಿದ್ದ. ಮೊಣಕೈ ಒಳಗೆಲ್ಲ ಚುಚ್ಚಿ ಚುಚ್ಚಿ ಹಸಿರುಗಟ್ಟಿದ ಗುರುತುಗಳು. ಅವಳು ಆ ಕೈ ಹಿಡಿದುಕೊಂಡು, ಸೂಜಿ ತಾಗದ ಒಂದಿಷ್ಟು ಜಾಗಕ್ಕಾಗಿ ಹೆಬ್ಬೆರಳಿನಿಂದ ತಡವುತ್ತಾ ಹುಡುಕತೊಡಗಿದಳು.